ಅದು ಅದೇ, ಆದರೆ ಅಷ್ಟರಿಂದ ಲೋಕ ಸಾಬೀತಾಗದು

ಬೇಗೂರಿನ ನಾಗನಾಥೇಶ್ವರ ದೇವಸ್ಥಾನದ ಆವರಣದಲ್ಲಿ ಕೆಲವೇ ಸಾಲಿನ ಒಂದು ಶಾಸನವಿದೆ. ಅದು ಸುಮಾರು 890ರದ್ದೆಂದು ವಿದ್ವಾಂಸರು ಹೇಳುತ್ತಾರೆ. ಗಂಗರ ಕಾಲದ ನಾಗತ್ತರನೆಂಬ ನಾಯಕನ ಕಡೆಯವರು ‘ಬೆಂಗಳೂರು ಕಾಳಗ’ದಲ್ಲಿ ಸತ್ತ ಸಂಗತಿ ಅದರಲ್ಲಿದೆ. ಹೊಯ್ಸಳರ ವೀರಬಲ್ಲಾಳ ಬೇಟೆಗೆ ಹೋಗಿ ದಾರಿ ತಪ್ಪಿದ, ಅಜ್ಜಿಯೊಬ್ಬಳು ಕೊಟ್ಟ ಬೆಂದ ಕಾಳು ತಿಂದು ಹಸಿವು ನೀಗಿಸಿಕೊಂಡ, ಅದಕ್ಕೇ ಬೆಂದಕಾಳೂರು ಎಂದು ಹೆಸರಿಟ್ಟ ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದವರು. ಎರಡನೇ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಅವನು ಪಟ್ಟಕ್ಕೆ ಬರುವುದಕ್ಕೆ ಹೆಚ್ಚುಕಡಿಮೆ 280 ವರ್ಷ ಮೊದಲೇ ಬೇಗೂರಿನ ಕಲ್ಲಿನ ಮೇಲೆ ಬೆಂಗಳೂರಿನ ಹೆಸರಿತ್ತು.

ಈ ಕಲ್ಲಿನ ಮಾತು ಎತ್ತಿದ್ದು ಇತಿಹಾಸ ಹೇಳುವುದಕ್ಕಲ್ಲ, ತರ್ಕದ ಒಂದು ಜಗಳಕ್ಕೆ ಸಾಕ್ಷಿ ಹಾಕುವುದಕ್ಕೆ. ಬೇಗೂರಿನಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಅಪಾರ್ಟ್‌ಮೆಂಟುಗಳಲ್ಲಿ ತುಂಬಿಕೊಂಡಿರುವ ಓದಿದ ಜನರಲ್ಲಿ ಎರಡು ಪಂಗಡ ಸುಲಭವಾಗಿ ಸಿಗುತ್ತವೆ. ‘ಅದು ಅದೇ’ ಎಂಬ ತಾದಾತ್ಮ್ಯ ನಿಯಮವೊಂದನ್ನು ಹಿಡಿದುಕೊಂಡು ಹೊರಲೋಕವನ್ನೇ ಸಾಬೀತುಮಾಡಿದೆವು ಎನ್ನುವವರು ಒಂದು ಕಡೆ. ಎಲ್ಲವೂ ನಮ್ಮ ಕಲ್ಪನೆ, ಸತ್ಯ ಎನ್ನುವುದೇ ಇಲ್ಲ ಎಂದು ಕೈಕೊಡವುವವರು ಇನ್ನೊಂದು ಕಡೆ. ಇಬ್ಬರ ಲೆಕ್ಕವೂ ತಪ್ಪು ಎನ್ನುವುದು ನನ್ನ ವಾದ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ‘ಅ ಎಂದರೆ ಅ’ ಎಂದು ಒಪ್ಪಿದ ಮೇಲೆ ವಸ್ತುನಿಷ್ಠ ಲೋಕ ಇದೆ ಎಂದು ಒಪ್ಪಲೇಬೇಕು.

ವಾಸ್ತವ: ಈ ಮಾತು ಇಷ್ಟು ಹಬ್ಬಿದ್ದಕ್ಕೆ ಅಯ್ನ್ ರ‍್ಯಾಂಡ್ ಮುಖ್ಯ ಕಾರಣ. 1957ರ ಆಕೆಯ ಕಾದಂಬರಿ ‘ಅಟ್ಲಾಸ್ ಶ್ರಗ್ಡ್’ನ ಮೂರನೇ ಭಾಗದ ಹೆಸರೇ ‘ಎ ಈಸ್ ಎ’. ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ಲುಗಳಲ್ಲಿ ಕೈಯಿಂದ ಕೈಗೆ ದಾಟಿದ ಪುಸ್ತಕ ಅದು. ಇದನ್ನೆಲ್ಲ ಅರಿಸ್ಟಾಟಲನ ಖಾತೆಗೆ ಬರೆಯುವ ರೂಢಿಯೂ ಇದೆ. ಆದರೆ ‘ಮೆಟಫಿಸಿಕ್ಸ್’ ಗ್ರಂಥದ ನಾಲ್ಕನೇ ಪುಸ್ತಕದಲ್ಲಿ ಅರಿಸ್ಟಾಟಲ್ ಪಟ್ಟುಹಿಡಿದು ಸಮರ್ಥಿಸುವುದು ಬೇರೊಂದನ್ನು: ಒಂದೇ ಗುಣ ಒಂದೇ ವಸ್ತುವಿಗೆ ಒಂದೇ ಅರ್ಥದಲ್ಲಿ, ಒಂದೇ ವೇಳೆ ಇದೆ ಎಂದೂ ಇಲ್ಲ ಎಂದೂ ಹೇಳಲಾಗದು ಎಂಬ ಅವಿರೋಧದ ನಿಯಮ. ‘ಒಂದು ವಸ್ತು ತಾನೇ ಏಕೆ ಆಗಿದೆ’ ಎಂಬ ಪ್ರಶ್ನೆಯಲ್ಲಿ ವಿಚಾರಿಸಲು ಏನೂ ಇಲ್ಲ ಎಂದು ಅದೇ ಗ್ರಂಥದ ಇನ್ನೊಂದು ಕಡೆ ಆತ ಮಾತು ಮುಗಿಸುತ್ತಾನೆ.

ಆ ಮಾತು ಸರಿಯಾಗಿಯೇ ಇದೆ. ‘ಅದು ಅದೇ’ ಎಂಬುದರಿಂದ ಲೋಕದ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ. ನಮ್ಮ ತಾರ್ಕಿಕರು ಇಲ್ಲದ ವಸ್ತುವಿಗೆ ಉದಾಹರಣೆಯಾಗಿ ಬಂಜೆಯ ಮಗನನ್ನೂ ಮೊಲದ ಕೊಂಬನ್ನೂ ಹೇಳುತ್ತಿದ್ದರು. ಮೊಲದ ಕೊಂಬು ಮೊಲದ ಕೊಂಬೇ, ಒಪ್ಪೋಣ. ಅಷ್ಟರಿಂದ ಮೊಲಕ್ಕೆ ಕೊಂಬು ಮೂಡಿತೆ? ಇಂದಿನ ಪಠ್ಯಪುಸ್ತಕದ ತರ್ಕದಲ್ಲಿ ಒಂದು ಸೂಕ್ಷ್ಮ ಇದೆ ನಿಜ. ಅಲ್ಲಿ ‘ಅ ಅದೇ ಅ’ ಎಂದ ಕೂಡಲೇ ‘ಅ ಎಂಬುದೊಂದು ಇದೆ’ ಎಂದು ತೀರ್ಮಾನಿಸಬಹುದು. ಆದರೆ ಪ್ರತಿ ಹೆಸರಿಗೂ ಒಂದು ವಸ್ತು ಇದ್ದೇ ಇರುತ್ತದೆ ಎಂದು ಆ ಪದ್ಧತಿ ಮೊದಲೇ ಇಟ್ಟುಕೊಂಡಿರುವುದರಿಂದ ಹಾಗಾಗುತ್ತದೆ. ಬಾಗಿಲಲ್ಲೇ ಒಳಗೆ ಬಿಟ್ಟುಕೊಂಡದ್ದನ್ನು ಕೊನೆಯಲ್ಲಿ ಸಾಬೀತಾಯಿತು ಎನ್ನುವುದು ಸಾಧನೆಯಲ್ಲ. ಆ ಊಹೆಯನ್ನು ಕಿತ್ತುಹಾಕಿದ ತರ್ಕಪದ್ಧತಿಗಳೂ ಇವೆ. ಅಲ್ಲಿ ಈ ತೀರ್ಮಾನ ಹೊರಡುವುದೇ ಇಲ್ಲ.

ರ‍್ಯಾಂಡ್‌ಗೆ ಅನ್ಯಾಯ ಮಾಡಬಾರದು. ಇರುವುದು ಎಂದರೆ ಏನಾದರೊಂದಾಗಿ, ನಿರ್ದಿಷ್ಟ ಸ್ವಭಾವದೊಂದಿಗೆ ಇರುವುದು ಎಂಬುದು ಆಕೆಯ ಆಶಯ. ಅದು ಬರೀ ಸೂತ್ರಕ್ಕಿಂತ ದೊಡ್ಡ ಮಾತು. ದೊಡ್ಡ ಮಾತಾದ್ದರಿಂದಲೇ ಅದಕ್ಕೆ ಬೇರೆ ಆಧಾರ ಬೇಕು, ಮೂರಕ್ಷರದ ಸಮೀಕರಣ ಸಾಲದು. ಬೇಗೂರಿನ ಶಾಸನವನ್ನು ನಾನು ಎತ್ತಿದ್ದು ಇದಕ್ಕೇ. ಬೆಂದ ಕಾಳಿನ ಕಥೆ ಒಳಗೊಳಗೇ ಪೂರ್ತಿ ಹೊಂದಿಕೊಳ್ಳುವ ಕಥೆ. ರಾಜ ರಾಜನೇ, ಅಜ್ಜಿ ಅಜ್ಜಿಯೇ, ಯಾವ ತರ್ಕದೋಷವೂ ಇಲ್ಲ. ಅದನ್ನು ಅಲುಗಿಸಿದ್ದು ಹೊರಗಿನಿಂದ ಬಂದ ಒಂದು ಕಲ್ಲು. ಅದನ್ನು ಓದುವವರಿಲ್ಲದೆ ಬಿದ್ದಿದ್ದ ಕಾಲದಲ್ಲೂ ಕೆತ್ತನೆ ಕೆತ್ತನೆಯಾಗಿಯೇ ಇತ್ತು. ನಮ್ಮೆಲ್ಲರ ಒಪ್ಪಿತ ಕಥೆಗೆ ಎದುರು ಹೇಳಬಲ್ಲದ್ದು ಒಂದಿದೆ ಎಂಬುದೇ ಹೊರಲೋಕದ ಪರವಾಗಿರುವ ಗಟ್ಟಿ ಕಾರಣ.

ಹಾಗೆಂದು ಕಲ್ಲಿನಿಂದ ಹೊರಡದ ತೀರ್ಮಾನವನ್ನು ಎಳೆದು ತರಬಾರದು. ಹೆಸರು ಬಲ್ಲಾಳನಿಗಿಂತ ಹಳೆಯದು ಎಂದಷ್ಟೇ ಅದು ಹೇಳುತ್ತದೆ. ಆ ಕಾಳಗದ ಬೆಂಗಳೂರೂ 1537ರಲ್ಲಿ ಕೆಂಪೇಗೌಡರು ಕಟ್ಟಿದ ಬೆಂಗಳೂರೂ ಒಂದೇ ಊರು ಎಂದು ಅದರಿಂದ ಹೊರಡುವುದಿಲ್ಲ. ಹೆಬ್ಬಾಳದ ಆಚೆ ಕೊಡಿಗೇಹಳ್ಳಿಯ ಹತ್ತಿರ ಹಳೇಬೆಂಗಳೂರು ಎಂಬ ಊರು ಬೇರೆ ಇದೆ. ಹೆಸರು ಒಂದಾದ ಮಾತ್ರಕ್ಕೆ ವಸ್ತು ಒಂದಾಗುವುದಿಲ್ಲ. ಗುಂಡ್ಲುಪೇಟೆಯ ಕಡೆಗೂ ಒಂದು ಬೇಗೂರಿದೆ, ನೆಲಮಂಗಲದ ಕಡೆಗೂ ಒಂದಿದೆ.

ತಪ್ಪು ಕಲ್ಪನೆ: ‘ಅದು ಅದೇ’ ಎನ್ನಬೇಕಾದರೆ ವಸ್ತು ಬದಲಾಗಬಾರದು. ಎಲ್ಲವೂ ಬದಲಾಗುವುದರಿಂದ ನಿಯಮ ಸುಳ್ಳು.

ವಾಸ್ತವ: ಬೇಗೂರಿನ ಅದೇ ನಾಗನಾಥೇಶ್ವರ ಆವರಣಕ್ಕೆ ಹೋದವರಿಗೆ ಗೊತ್ತು, ಅಲ್ಲಿ ಗಂಗರ ಕಾಲದ ಗುಡಿಯಿದೆ, ಹೆಸರಲ್ಲೇ ಚೋಳರನ್ನು ಹೊತ್ತ ಚೋಳೇಶ್ವರ ಇದೆ, ಇತ್ತೀಚಿನ ಗೋಪುರವಿದೆ, ಬಣ್ಣವಿದೆ, ಟೈಲ್ಸಿದೆ. ‘ಅದೇ ದೇವಸ್ಥಾನ’ ಎಂದು ನಾವು ಹೇಳುವುದು ಇದರಲ್ಲಿ ಯಾವುದನ್ನು? ವೇದಾಂತಿಗಳು ಇದಕ್ಕೆ ದೇವದತ್ತನ ಉದಾಹರಣೆ ಕೊಡುತ್ತಾರೆ. ಅಂದು ಅಲ್ಲೆಲ್ಲೋ ಕಂಡಿದ್ದ ದೇವದತ್ತನನ್ನು ಇಂದು ಇಲ್ಲಿ ಕಂಡು ‘ಇವನೇ ಅವನು’ ಎನ್ನುತ್ತೇವೆ. ಕಾಲ ಬೇರೆ, ಜಾಗ ಬೇರೆ, ಕೂದಲೂ ನರೆತಿದೆ. ಆದರೂ ಮಾತು ಅರ್ಥವಾಗುತ್ತದೆ. ಬೌದ್ಧರು ಒಪ್ಪಲಿಲ್ಲ. ಎಲ್ಲವೂ ಕ್ಷಣಿಕ, ‘ಅದೇ’ ಎನ್ನುವುದು ಹೋಲಿಕೆಯಿಂದಾದ ಭ್ರಮೆ ಎಂದರು. ನೈಯಾಯಿಕರು ಈ ಗುರುತು ಹಿಡಿಯುವಿಕೆಯನ್ನೇ, ಪ್ರತ್ಯಭಿಜ್ಞೆಯನ್ನೇ ಆಧಾರವಾಗಿಟ್ಟುಕೊಂಡು ಅವರೊಂದಿಗೆ ಶತಮಾನಗಟ್ಟಲೆ ಜಗಳವಾಡಿದರು.

ಗಮನಿಸಬೇಕಾದದ್ದು ಇಷ್ಟು: ಈ ಜಗಳ ತಾದಾತ್ಮ್ಯ ನಿಯಮದ ಮೇಲೆ ಅಲ್ಲವೇ ಅಲ್ಲ. ಕ್ಷಣಿಕವಾದಿಯೂ ಪ್ರತಿ ಕ್ಷಣ ಆ ಕ್ಷಣವೇ ಎಂದು ಒಪ್ಪುತ್ತಾನೆ. 9ನೇ ಶತಮಾನದ ಗುಡಿ, ಇಂದಿನ ಗುಡಿ ಎಂಬ ಎರಡು ಹೆಸರು ಒಂದೇ ವಸ್ತುವನ್ನು ತೋರಿಸುತ್ತವೆಯೇ ಎಂಬುದು ಪ್ರಶ್ನೆ. ಅದಕ್ಕೆ ಉತ್ತರ ಸೂತ್ರದಿಂದ ಬರುವುದಿಲ್ಲ. ಯಾವುದು ಉಳಿದರೆ ಗುಡಿ ಉಳಿದಂತೆ, ಕಲ್ಲೋ ಪೂಜೆಯೋ ಜಾಗವೋ ಎಂದು ನಾವೇ ಮೊದಲು ಹೇಳಬೇಕು. ಹೇಳಿದ ಮೇಲೆ ಅದು ಉಳಿದಿದೆಯೇ ಇಲ್ಲವೇ ಎಂಬುದು ನಮ್ಮ ಕೈಯಲ್ಲಿಲ್ಲ. ಕಲ್ಲಿನ ವಿಷಯದಲ್ಲಾದರೆ ತಕರಾರು ಕಡಿಮೆ. ನಾಗತ್ತರ ಯುದ್ಧದಲ್ಲಿ ಮಡಿದದ್ದನ್ನು ಆನೆ ಕುದುರೆಗಳ ಸಮೇತ ಕೆತ್ತಿರುವ ಬೇಗೂರಿನ ದೊಡ್ಡ ವೀರಗಲ್ಲು ಈಗಿರುವುದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಜಾಗ ಬದಲಾಯಿತು, ಬೇಗೂರಿನ ವೀರಗಲ್ಲು ಬೇಗೂರಿನ ವೀರಗಲ್ಲಾಗಿಯೇ ಉಳಿಯಿತು.

ತಪ್ಪು ಕಲ್ಪನೆ: ‘ಎರಡೂ ಒಂದೇ’ ಎನ್ನುವುದಕ್ಕೆ ಒಂದೇ ಅರ್ಥ.

ವಾಸ್ತವ: ಪೀಣ್ಯದ ಯಾವುದಾದರೂ ಮಷೀನ್ ಶಾಪಿನಲ್ಲಿ ಕೇಳಿ ನೋಡಿ. 20 ಮಿಲಿಮೀಟರಿನ ರಂಧ್ರ, 20 ಮಿಲಿಮೀಟರಿನ ಶಾಫ್ಟು, ಡ್ರಾಯಿಂಗಿನಲ್ಲಿ ಎರಡರ ಅಳತೆಯೂ ಒಂದೇ. ಆದರೆ ರಂಧ್ರಕ್ಕೆ ಎಚ್7, ಶಾಫ್ಟಿಗೆ ಜಿ6 ಎಂದು ಬರೆದಿದ್ದರೆ ರಂಧ್ರ 20.000ರಿಂದ 20.021ರೊಳಗೆ ಇರಬಹುದು, ಶಾಫ್ಟು 19.980ರಿಂದ 19.993ರೊಳಗೆ ಇರಬೇಕು. ಗೋ ಗೇಜು ಒಳಗೆ ಹೋಗಿ ನೋ-ಗೋ ಗೇಜು ಹೋಗದಿದ್ದರೆ ಪೀಸು ಪಾಸು. ಒಂದೇ ಬ್ಯಾಚಿನ ನೂರು ಶಾಫ್ಟುಗಳನ್ನು ‘ಎಲ್ಲ ಒಂದೇ’ ಎನ್ನುವುದು ಈ ಅರ್ಥದಲ್ಲಿ, ಅಂದರೆ ಒಂದರ ಬದಲು ಇನ್ನೊಂದು ನಡೆಯುತ್ತದೆ ಎಂಬರ್ಥದಲ್ಲಿ. ಎಣಿಸಿದರೆ ನೂರೇ. ಟಾಲರೆನ್ಸ್ ಎಷ್ಟಿರಬೇಕು ಎಂಬುದು ಮನುಷ್ಯರು ಕೂತು ಮಾಡಿದ ಒಪ್ಪಂದ, ಮಿಲಿಮೀಟರೂ ಒಪ್ಪಂದವೇ. ಆದರೆ ರಂಧ್ರಕ್ಕಿಂತ ಹತ್ತು ಮೈಕ್ರಾನ್ ದಪ್ಪವಾದ ಶಾಫ್ಟು ಬಿಗಿದು ಕೂತಾಗ ಯಾವ ಒಪ್ಪಂದವನ್ನು ತೋರಿಸಿದರೂ ಅದು ತಿರುಗುವುದಿಲ್ಲ.

ಎಲೆಕ್ಟ್ರಾನಿಕ್ ಸಿಟಿಯವರಿಗೆ ಇದೇ ಭೇದ ಬೇರೆ ವೇಷದಲ್ಲಿ ಪರಿಚಯ. ಜಾವಾದಲ್ಲಿ ಎರಡು ಸ್ಟ್ರಿಂಗುಗಳನ್ನು ಜೋಡಿ ಸಮಚಿಹ್ನೆಯಿಂದ ಹೋಲಿಸಿದರೆ ಎರಡೂ ಮೆಮೊರಿಯ ಒಂದೇ ವಸ್ತುವೇ ಎಂದು ನೋಡುತ್ತದೆ. ‘ಈಕ್ವಲ್ಸ್’ ಕರೆದರೆ ಒಳಗಿನ ಅಕ್ಷರಗಳು ಒಂದೇ ಏನು ಎಂದು ನೋಡುತ್ತದೆ. ಹೊಸಬರ ಎಷ್ಟೋ ಬಗ್‌ಗಳು ಹುಟ್ಟುವುದು ಇವೆರಡನ್ನು ಕಲಸಿಕೊಂಡಾಗ.

ತಪ್ಪು ಕಲ್ಪನೆ: ಕಂಪ್ಯೂಟರೇ ತಾದಾತ್ಮ್ಯ ನಿಯಮವನ್ನು ಮುರಿದಿದೆ, ಅಲ್ಲಿ ನ್ಯಾನ್ ನ್ಯಾನ್‌ಗೆ ಸಮವಲ್ಲ.

ವಾಸ್ತವ: ಜಾಣ ಮಾತು, ಮೊದಲ ಬಾರಿ ಕೇಳಿದವರು ತಬ್ಬಿಬ್ಬಾಗುತ್ತಾರೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ ಬರುವ ‘ನಾಟ್ ಎ ನಂಬರ್’, ಅಂದರೆ ನ್ಯಾನ್, ಎಂಬ ಬೆಲೆ ತನಗೆ ತಾನೇ ಸಮವಲ್ಲ ಎಂದು ಜಾವಾಸ್ಕ್ರಿಪ್ಟಿನಿಂದ ಹಿಡಿದು ಹೆಚ್ಚಿನ ಎಲ್ಲ ಭಾಷೆಗಳೂ ಉತ್ತರಿಸುತ್ತವೆ. ಹಾಗೆಂದು ವಿಧಿಸಿರುವುದು ಫ್ಲೋಟಿಂಗ್ ಪಾಯಿಂಟ್ ಲೆಕ್ಕಾಚಾರಕ್ಕೆ 1985ರಲ್ಲಿ ಬಂದ ಐಇಇಇ 754 ಮಾನದಂಡ. ಅದಕ್ಕೆ ಕಾರಣವೂ ಇದೆ. ಸೊನ್ನೆಯ ಭಾಗಾಕಾರ ಕೆಟ್ಟರೂ ನ್ಯಾನ್, ಋಣಸಂಖ್ಯೆಯ ವರ್ಗಮೂಲ ತೆಗೆಯಹೋದರೂ ನ್ಯಾನ್. ಎರಡು ಬೇರೆ ಬೇರೆ ಎಡವಟ್ಟುಗಳನ್ನು ಸಮ ಎಂದು ಬಿಟ್ಟರೆ ಮುಂದಿನ ಲೆಕ್ಕ ದಾರಿ ತಪ್ಪುತ್ತದೆ. ಆದ್ದರಿಂದ ‘ಸಮವೇ’ ಎಂದು ಕೇಳಿದರೆ ‘ಅಲ್ಲ’ ಎನ್ನುವುದೇ ಕ್ಷೇಮ.

ಅಂದರೆ ಆ ಜೋಡಿ ಸಮಚಿಹ್ನೆ ಒಂದು ಕಾರ್ಯವಿಧಿ, ತರ್ಕದ ತಾದಾತ್ಮ್ಯವಲ್ಲ. ಅದೇ ಜಾವಾಸ್ಕ್ರಿಪ್ಟಿನಲ್ಲಿ ‘ಆಬ್ಜೆಕ್ಟ್.ಈಸ್’ ಎಂಬ ಇನ್ನೊಂದು ವಿಧಿಗೆ ನ್ಯಾನ್ ಮತ್ತು ನ್ಯಾನ್ ಕೊಟ್ಟು ನೋಡಿ, ‘ಹೌದು’ ಎನ್ನುತ್ತದೆ. ಡೇಟಾಬೇಸಿನ ‘ನಲ್’ ಇನ್ನೂ ಮಜಾ. ನಲ್ ನಲ್‌ಗೆ ಸಮವೇ ಎಂದರೆ ಎಸ್‌ಕ್ಯುಎಲ್ ಹೌದೂ ಎನ್ನುವುದಿಲ್ಲ, ಅಲ್ಲವೂ ಎನ್ನುವುದಿಲ್ಲ, ಗೊತ್ತಿಲ್ಲ ಎನ್ನುತ್ತದೆ. ಇಬ್ಬರು ನೌಕರರ ಫೋನ್ ನಂಬರು ದಾಖಲಾಗಿಲ್ಲ ಎಂದಮಾತ್ರಕ್ಕೆ ಇಬ್ಬರದೂ ಒಂದೇ ನಂಬರು ಎನ್ನಲಾದೀತೆ? ನಿಯಮ ಮುರಿದಿಲ್ಲ, ನಮ್ಮ ಅಜ್ಞಾನವನ್ನು ಅಜ್ಞಾನ ಎಂದೇ ಬರೆದಿಟ್ಟಿದ್ದಾರೆ. ಈ ಪ್ರಾಮಾಣಿಕತೆ ತತ್ತ್ವಶಾಸ್ತ್ರದ ಎಷ್ಟೋ ಪುಸ್ತಕಗಳಲ್ಲಿ ಕಾಣುವುದಿಲ್ಲ.

ತಪ್ಪು ಕಲ್ಪನೆ: ಹೆಸರು ನಮ್ಮದು, ಗಡಿ ನಮ್ಮದು, ಆದ್ದರಿಂದ ಇರುವುದೆಲ್ಲ ನಮ್ಮ ಕಲ್ಪನೆಯೇ.

ವಾಸ್ತವ: ಮೊದಲರ್ಧ ಪೂರಾ ನಿಜ. ‘ಬೆಂಗಳೂರು ದಕ್ಷಿಣ’ ಎಂಬುದೊಂದನ್ನೇ ತೆಗೆದುಕೊಳ್ಳಿ. ಬೇಗೂರು ಹೋಬಳಿ ಇರುವುದು ಬೆಂಗಳೂರು ನಗರ ಜಿಲ್ಲೆಯ ಬೆಂಗಳೂರು ದಕ್ಷಿಣ ತಾಲ್ಲೂಕಿನಲ್ಲಿ. ಅದೇ ಹೆಸರಿನ ಲೋಕಸಭಾ ಕ್ಷೇತ್ರ ಒಂದಿದೆ, ವಿಧಾನಸಭಾ ಕ್ಷೇತ್ರ ಒಂದಿದೆ. ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರ ಸೇರಿರುವುದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ! 2025ರಲ್ಲಿ ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣ ಎಂದೇ ಹೆಸರಿಟ್ಟರು. ಅದೇ ವರ್ಷ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಅವುಗಳಲ್ಲೂ ಒಂದು ದಕ್ಷಿಣ. ಇವೆಲ್ಲ ಕಾಗದದ ಮೇಲೆ ಹುಟ್ಟಿದ ಗೆರೆಗಳು. ನಾಳೆ ಒಂದು ಅಧಿಸೂಚನೆ ಹೊರಟರೆ ಅಳಿಸಿಹೋಗುತ್ತವೆ.

ಆದರೆ ನಮ್ಮ ಒಪ್ಪಿಗೆಯಿಂದ ಇರುವುದು ಎಂದರೆ ನನ್ನ ಇಷ್ಟದಂತೆ ಇರುವುದು ಎಂದಲ್ಲ. 2016ರ ನವೆಂಬರ್ 8ರ ಮಧ್ಯರಾತ್ರಿ 500 ಮತ್ತು 1000 ರೂಪಾಯಿ ನೋಟುಗಳ ಚಲಾವಣೆ ನಿಂತಿತು. ಕಾಗದ, ಶಾಯಿ, ಗಾಂಧೀಜಿಯ ಚಿತ್ರ ಯಾವುದೂ ಬದಲಾಗಿರಲಿಲ್ಲ. ಹಣ ಎಂಬುದು ಪೂರ್ತಿ ಮನುಷ್ಯಕಲ್ಪಿತ, ಒಪ್ಪಿದೆ. ಹಾಗಿದ್ದೂ ಬ್ಯಾಂಕಿನ ಕ್ಯೂನಲ್ಲಿ ನಿಂತವರಲ್ಲಿ ಯಾರಿಗೂ ‘ನನ್ನ ಕಲ್ಪನೆಯಲ್ಲಿ ಇದಿನ್ನೂ ಸಾವಿರ ರೂಪಾಯಿ’ ಎಂದು ಹೇಳಿ ಮನೆಗೆ ಹೋಗಲಾಗಲಿಲ್ಲ.

ಇನ್ನು ಕೆಲವು ಸಂಗತಿಗಳಿಗೆ ನಮ್ಮ ಒಪ್ಪಿಗೆಯ ಹಂಗೇ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೀರು ನುಗ್ಗಿ ಸಾಫ್ಟ್‌ವೇರ್ ನೌಕರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ಎಲ್ಲರಿಗೂ ನೆನಪಿದೆ. ರಾಜಕಾಲುವೆಯನ್ನು ಮುಚ್ಚಬಹುದು, ಲೇಔಟ್ ನಕ್ಷೆಯಿಂದ ತೆಗೆಯಬಹುದು, ಅದರ ಮೇಲೆ ಸೈಟು ಮಾರಿ ರಿಜಿಸ್ಟರ್ ಮಾಡಿಸಬಹುದು. ನೆಲದ ಇಳಿಜಾರು ಮಾತ್ರ ಇಳಿಜಾರಾಗಿಯೇ ಇರುತ್ತದೆ. ‘ಕಾಲುವೆ’ ಎಂಬ ಪರಿಕಲ್ಪನೆ ಮನುಷ್ಯರದ್ದು, ನೀರು ತಗ್ಗಿಗೆ ಹರಿಯುವುದಕ್ಕೆ ಪರಿಕಲ್ಪನೆ ಬೇಕಿಲ್ಲ. ಎಲ್ಲವೂ ಕಲ್ಪನೆ ಎನ್ನುವವರು ಈ ಮೂರನ್ನು, ಅಂದರೆ ತಾಲ್ಲೂಕಿನ ಗಡಿ, ನೋಟಿನ ಬೆಲೆ, ನೆಲದ ಇಳಿಜಾರುಗಳನ್ನು ಒಂದೇ ಗೋಣಿಗೆ ತುಂಬುತ್ತಾರೆ. ಅವರ ತಪ್ಪು ಇರುವುದು ಅಲ್ಲೇ.

ತಪ್ಪು ಕಲ್ಪನೆ: ಕ್ವಾಂಟಮ್ ವಿಜ್ಞಾನ ಇದನ್ನೆಲ್ಲ ಸುಳ್ಳುಮಾಡಿದೆ, ನೋಡುವವರಿಲ್ಲದೆ ವಾಸ್ತವವೇ ಇಲ್ಲ.

ವಾಸ್ತವ: ಅಲ್ಲಿ ‘ನೋಡುವುದು’ ಎಂದರೆ ಅಳತೆ, ಮನುಷ್ಯನ ಕಣ್ಣೇ ಬೇಕೆಂದಿಲ್ಲ, ಪ್ರಯೋಗಾಲಯದ ಉಪಕರಣ ಸಾಕು. 2022ರ ನೊಬೆಲ್ ಪ್ರಶಸ್ತಿ ಪಡೆದ ಆಸ್ಪೆ, ಕ್ಲೌಸರ್, ಜೈಲಿಂಗರ್ ಅವರ ಪ್ರಯೋಗಗಳು ತಳ್ಳಿಹಾಕಿದ್ದು ‘ಸ್ಥಳೀಯ ವಾಸ್ತವವಾದ’ ಎಂಬ ನಿರ್ದಿಷ್ಟ ಚಿತ್ರವನ್ನು. ವಾಸ್ತವ ಎಂಬುದೇ ಇಲ್ಲ ಎಂದು ಅವು ಹೇಳಿಲ್ಲ. ಕ್ವಾಂಟಮ್‌ನಿಂದ ನಿಜಕ್ಕೂ ಪೆಟ್ಟು ಬಿದ್ದದ್ದು ಲೈಬ್ನಿಟ್ಸನ ಒಂದು ತತ್ತ್ವಕ್ಕೆ: ಯಾವ ಗುಣದಲ್ಲೂ ಭೇದವಿಲ್ಲದ ಎರಡು ವಸ್ತುಗಳು ಇರಲಾರವು, ಅವು ಒಂದೇ ಆಗಿರಬೇಕು ಎಂಬುದು ಅವನ ಮಾತು. 1924ರಲ್ಲಿ ಸತ್ಯೇಂದ್ರನಾಥ ಬೋಸರು ಬೆಳಕಿನ ಕಣಗಳನ್ನು ಎಣಿಸಿದ ರೀತಿ ನೋಡಿ. ಎರಡು ಡಬ್ಬಿಯಲ್ಲಿ ಎರಡು ಗೋಲಿ ಹಾಕಲು ನಾಲ್ಕು ದಾರಿಗಳಿವೆ. ಬೋಸರ ಕಣಗಳಾದರೆ ಮೂರೇ, ಏಕೆಂದರೆ ಇದು ಅಲ್ಲಿ ಅದು ಇಲ್ಲಿ ಎಂಬ ಅದಲುಬದಲಿಗೆ ಅಲ್ಲಿ ಅರ್ಥವೇ ಇಲ್ಲ. ಇದು ಲೈಬ್ನಿಟ್ಸನಿಗೆ ಕಷ್ಟ, ‘ಅದು ಅದೇ’ ಎಂಬ ನಿಯಮಕ್ಕೆ ಬಾಧಕವಲ್ಲ ಎಂದೇ ನನ್ನ ಎಣಿಕೆ. ಅಂಥ ಕಣಗಳಿಗೆ ತಾದಾತ್ಮ್ಯದ ಮಾತೇ ಹೊಂದುವುದಿಲ್ಲ ಎನ್ನುವ ಕೆಲವು ತತ್ತ್ವಜ್ಞರು ಇದ್ದಾರೆ, ಅವರ ವಾದವನ್ನು ಲಘುವಾಗಿ ತಳ್ಳಲಾಗದು.

ತಪ್ಪು ಕಲ್ಪನೆ: ಜೈನರ ಸ್ಯಾದ್ವಾದದ ಪ್ರಕಾರ ಯಾವುದನ್ನು ಬೇಕಾದರೂ ಹೇಳಬಹುದು.

ವಾಸ್ತವ: ಇಲ್ಲ. ಒಂದು ದೃಷ್ಟಿಯಿಂದ ಗಡಿಗೆ ಇದೆ, ಇನ್ನೊಂದು ದೃಷ್ಟಿಯಿಂದ ಇಲ್ಲ ಎನ್ನುವಾಗ ಆ ದೃಷ್ಟಿ ಯಾವುದೆಂದು ಬಿಡಿಸಿ ಹೇಳಬೇಕು ಎಂಬುದೇ ಆ ವಾದದ ಬಿಗಿ. ವಿರೋಧ ಬಾರದಂತೆ ಮಾತಾಡುವ ಶಿಸ್ತು ಅದು.

ತಪ್ಪು ಕಲ್ಪನೆ: ಶಂಕರಾಚಾರ್ಯರೇ ಎಲ್ಲವೂ ಮಾಯೆ, ಹೊರಗೆ ಏನೂ ಇಲ್ಲ ಎಂದಿದ್ದಾರೆ.

ವಾಸ್ತವ: ಶೃಂಗೇರಿಯ ನಾಡಿನಲ್ಲಿ ಇದ್ದುಕೊಂಡು ಈ ಮಾತನ್ನು ಇಷ್ಟು ಧಾರಾಳವಾಗಿ ಆಡುತ್ತೇವಲ್ಲ ಎಂದು ಆಶ್ಚರ್ಯವಾಗುತ್ತದೆ. ಹೊರಗಿನ ವಸ್ತುವೇ ಇಲ್ಲ, ಇರುವುದೆಲ್ಲ ಮನಸ್ಸಿನ ಅರಿವುಗಳು ಎಂದವರು ವಿಜ್ಞಾನವಾದಿ ಬೌದ್ಧರು. ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಎರಡನೇ ಪಾದದ ಭಾಷ್ಯದಲ್ಲಿ ಶಂಕರರು ಅವರನ್ನು ನೇರವಾಗಿ ಎದುರಿಸುತ್ತಾರೆ. ಕಂಬ, ಗೋಡೆ, ಗಡಿಗೆ, ಬಟ್ಟೆ ನಮಗೆ ಕಾಣುವುದು ಅರಿವುಗಳಾಗಿ ಅಲ್ಲ, ಅರಿವಿನ ವಿಷಯಗಳಾಗಿ. ಕಾಣುತ್ತಿರುವುದನ್ನೇ ಇಲ್ಲ ಎನ್ನಲಾಗದು ಎಂಬುದು ಅವರ ವಾದದ ತಿರುಳು. ಕೊನೆಯ ಲೆಕ್ಕದಲ್ಲಿ ಬ್ರಹ್ಮವೊಂದೇ ಸತ್ಯ ಎಂದವರೂ ಅವರೇ. ಆದರೆ ಹಗ್ಗದಲ್ಲಿ ಕಂಡ ಹಾವಿಗೂ ಬೀದಿಯಲ್ಲಿರುವ ಗೋಡೆಗೂ ಅವರು ಒಂದೇ ದರ್ಜೆ ಕೊಡಲಿಲ್ಲ. ಹಾವು ಪ್ರಾತಿಭಾಸಿಕ, ಗೋಡೆ ವ್ಯಾವಹಾರಿಕ ಎಂದು ಅದ್ವೈತಿಗಳು ವಿಂಗಡಿಸಿದರು. ಗೋಡೆಗೆ ತಲೆ ಹೊಡೆದುಕೊಂಡರೆ ನೋವಾಗುವುದನ್ನು ಯಾವ ಅದ್ವೈತಿಯೂ ಅಲ್ಲಗಳೆದಿಲ್ಲ.

ಉಡುಪಿಯ ಮಧ್ವಾಚಾರ್ಯರಿಗೆ ಈ ವಿಂಗಡಣೆಯೂ ಸಮಾಧಾನ ತರಲಿಲ್ಲ. ಜಡ ಜಡಕ್ಕೂ, ಜೀವ ಜೀವಕ್ಕೂ ಇರುವ ಭೇದ ಸೇರಿ ಐದು ಬಗೆಯ ಭೇದಗಳು ಸಂಪೂರ್ಣ ನಿಜ, ಯಾರ ಕಲ್ಪನೆಯೂ ಅಲ್ಲ ಎಂದು ಅವರು 13ನೇ ಶತಮಾನದಲ್ಲಿ ಸಾರಿದರು. ವಸ್ತು ತಾನೇ ಆಗಿರುವುದಕ್ಕೂ ಉಳಿದೆಲ್ಲದರಿಂದ ಬೇರೆಯಾಗಿರುವುದಕ್ಕೂ ಅವರು ಕೊಟ್ಟ ತೂಕವನ್ನು ನೋಡಿದರೆ, ತಾದಾತ್ಮ್ಯದ ಬಗ್ಗೆ ಓದಲು ಅಮೆರಿಕದ ಕಾದಂಬರಿಗಿಂತ ಮೊದಲು ಇಲ್ಲಿಗೆ ಬರಬೇಕಿತ್ತು ಅನ್ನಿಸುತ್ತದೆ. ನನ್ನ ಒಲವು ಕೇಳಿದರೆ ಅದು ಮಧ್ವರ ಕಡೆಗೇ.

ಶಂಕರರ ಆ ಸೂತ್ರಭಾಷ್ಯವನ್ನು ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು ಕನ್ನಡಕ್ಕೆ ತಂದಿದ್ದಾರೆ. ‘ಎಲ್ಲಾ ಮಾಯೆ ಬಿಡ್ರಿ’ ಎನ್ನುವ ಮುನ್ನ ಎರಡನೇ ಅಧ್ಯಾಯ, ಎರಡನೇ ಪಾದ, 28ನೇ ಸೂತ್ರದ ಭಾಷ್ಯವನ್ನು ಒಮ್ಮೆ ಓದಿ.